ರೋಜಾದ ಹುಡುಗಿ ಸೈಕಲ್ ರೇಸಿಗೆ ಇಳಿಯಬೇಕಾದರೆ

ಕಲಬುರಗಿಯಿಂದ ಜೇವರ್ಗಿ, ಸಿಂದಗಿ ದಾಟಿ ವಿಜಯಪುರ ಮುಟ್ಟಲು ಸುಮಾರು 160 ಕಿಲೋಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ರೋಡ್ ರೇಸಿನ ದೂರವೂ ಹತ್ತಿರಹತ್ತಿರ ಅಷ್ಟೇ, 158 ಕಿಲೋಮೀಟರ್. ಅಮೆರಿಕದ ಕ್ರಿಸ್ಟನ್ ಫಾಕ್ನರ್ ಅದನ್ನು ನಾಲ್ಕು ಗಂಟೆಯೊಳಗೆ ತುಳಿದು ಚಿನ್ನ ಗೆದ್ದರು. ನಮ್ಮ ಸಾರಿಗೆ ಬಸ್ಸಿಗೂ ವಿಜಯಪುರ ತಲುಪಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಫಾಕ್ನರ್ ಸೈಕ್ಲಿಂಗ್ ಶುರುಮಾಡಿದ್ದು 2017ರಲ್ಲಿ, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ. ಆಗ ಅವರು ಹೂಡಿಕೆ ಕಂಪನಿಯೊಂದರ ಉದ್ಯೋಗಿ. ತಡವಾಗಿ ಶುರುಮಾಡಿದವರಿಗೂ ಈ ಆಟದಲ್ಲಿ ಜಾಗ ಇದೆ.

ಕಲಬುರಗಿಯ ರೋಜಾ ಬಡಾವಣೆಯಲ್ಲಿ, ಕಮಲಾಪುರ ತಾಲ್ಲೂಕಿನ ಊರುಗಳಲ್ಲಿ ಸೈಕಲ್ ತುಳಿಯುವ ಹುಡುಗಿಯರಿಗೇನೂ ಕೊರತೆ ಇಲ್ಲ. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಮಗಳ ಹೆಸರಿಗೆ ಒಂದು ಸೈಕಲ್ ಬಂತು. ಅವರಲ್ಲಿ ಕಾಲಲ್ಲಿ ಬಲ ಇರುವವಳು, ಎದುರುಗಾಳಿಗೂ ವೇಗ ಇಳಿಸದವಳು ಒಬ್ಬಳಾದರೂ ಇದ್ದೇ ಇರುತ್ತಾಳೆ. ಅಂಥವಳನ್ನು ಕಂಡ ಮನೆಯವರು ಮೊದಲು ಕೇಳುವ ಪ್ರಶ್ನೆ, ‘ಯಾವ ಸೈಕಲ್ ಕೊಡಿಸಬೇಕು?’ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ‘ಯಾರ ಜೊತೆ ತುಳಿಯುತ್ತಾಳೆ?’ ರೋಡ್ ರೇಸಿಂಗ್ ಗುಂಪಿನ ಆಟ. ಒಬ್ಬಳೇ ಎಷ್ಟು ತುಳಿದರೂ ಗಟ್ಟಿ ಸವಾರಳಾಗಬಹುದು, ರೇಸರ್ ಆಗುವುದಿಲ್ಲ. ಮುಂದಿನ ಮಾತೆಲ್ಲ ಈ ಒಂದು ತಿಳಿವಳಿಕೆಯ ಮೇಲೆಯೇ ನಿಂತಿದೆ.

ಗುಂಪು ಇರುವುದು ಎಲ್ಲಿ?

ಸೈಕ್ಲಿಂಗ್ ಮಟ್ಟಿಗೆ ನಾವು ಅದೃಷ್ಟದ ಸೀಮೆಯಲ್ಲಿದ್ದೇವೆ. ಕರ್ನಾಟಕಕ್ಕೆ ಸೈಕ್ಲಿಂಗ್ ಪದಕ ತಂದುಕೊಟ್ಟವರಲ್ಲಿ ಹೆಚ್ಚಿನವರು ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಕಡೆಯವರು. ಪ್ರೇಮಲತಾ ಸುರೇಬಾನ, ನೀಲಮ್ಮ ಮಲ್ಲಿಗವಾಡ, ಮೇಘಾ ಗೂಗಾಡ, ದಾನಮ್ಮ ಚಿಚಖಂಡಿ ಈ ಹೆಸರುಗಳನ್ನು ರಾಷ್ಟ್ರೀಯ ಸ್ಪರ್ಧೆಗಳನ್ನು ಗಮನಿಸುವ ಎಲ್ಲರೂ ಬಲ್ಲರು. ಇವರಿಗೆ ದಾರಿ ಸಿಕ್ಕಿದ್ದು ದುಬಾರಿ ಕ್ಲಬ್ಬುಗಳಿಂದಲ್ಲ. ಜಾತ್ರೆ, ಹಬ್ಬಗಳಲ್ಲಿ ಸೈಕಲ್ ಪಂದ್ಯ ಇಡುವ ಊರುಗಳು, ಬಯಲುಸೀಮೆಯ ನೇರ ರಸ್ತೆಗಳು, ಮತ್ತು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳು ಸೇರಿ ಆ ದಾರಿ ಮಾಡಿಕೊಟ್ಟವು.

ಸೈಕ್ಲಿಂಗ್‌ಗೆ ಹೆಸರಾದ ಇಲಾಖೆಯ ನಿಲಯಗಳಿರುವುದು ವಿಜಯಪುರ, ಬಾಗಲಕೋಟೆ, ಗದಗಗಳಲ್ಲಿ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯೂ ಸೈಕ್ಲಿಸ್ಟರನ್ನು ಬೆಳೆಸಿದೆ. ನಿಲಯಕ್ಕೆ ಆಯ್ಕೆಯಾದರೆ ಊಟ, ವಸತಿ, ಶಾಲೆ, ತರಬೇತಿ ಎಲ್ಲ ಒಂದೇ ಕಡೆ ಸಿಗುತ್ತವೆ. ಅದಕ್ಕಿಂತ ದೊಡ್ಡ ಲಾಭವೆಂದರೆ ನಸುಕಿನಲ್ಲಿ ಜೊತೆಗೆ ತುಳಿಯಲು ತನ್ನ ವಯಸ್ಸಿನವರೂ ತನಗಿಂತ ಬಲವಾದವರೂ ಇರುತ್ತಾರೆ, ಹಿಂದೆ ಕೋಚ್ ವಾಹನ ಬರುತ್ತಿರುತ್ತದೆ. ಪದವಿಗೆ ಬಂದವರಿಗೆ ಇನ್ನೊಂದು ಬಾಗಿಲು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಅಲ್ಲಿ ಓದಿಕೊಂಡೇ ಅದೇ ಊರಿನ ಸೈಕ್ಲಿಂಗ್ ವಾತಾವರಣದಲ್ಲಿ ಇರಬಹುದು, ಅಂತರ ವಿಶ್ವವಿದ್ಯಾಲಯ ಸ್ಪರ್ಧೆಗೂ ಇಳಿಯಬಹುದು.

ಕಲಬುರಗಿಯಲ್ಲಿ ಮೊದಲ ಹೆಜ್ಜೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕ್ರೀಡಾ ಇಲಾಖೆ ಕಚೇರಿ. ಕ್ರೀಡಾ ಶಾಲೆ ಮತ್ತು ನಿಲಯಗಳ ಆಯ್ಕೆಗೆ ಪ್ರತಿ ವರ್ಷ ಪ್ರಕಟಣೆ ಹೊರಡುತ್ತದೆ. ಎಷ್ಟೋ ಮಕ್ಕಳಿಗೆ ಅವಕಾಶ ತಪ್ಪುವುದು ಸಾಮರ್ಥ್ಯದ ಕೊರತೆಯಿಂದಲ್ಲ, ಪ್ರಕಟಣೆಯ ಸುದ್ದಿ ಸಮಯಕ್ಕೆ ತಲುಪದೆ. ಶಾಲೆಯ ದೈಹಿಕ ಶಿಕ್ಷಕರಿಗೆ ಮೊದಲೇ ಹೇಳಿಡಿ, ಕಚೇರಿಗೆ ತಿಂಗಳಿಗೊಮ್ಮೆ ಹೋಗಿ ವಿಚಾರಿಸಿ. ಆಯ್ಕೆಯಲ್ಲಿ ಓಟ, ಜಿಗಿತದಂಥ ಸಾಮಾನ್ಯ ದೈಹಿಕ ಪರೀಕ್ಷೆಗಳಿಗೆ ತೂಕ ಹೆಚ್ಚು. ಸೈಕಲ್ ಮೇಲಷ್ಟೇ ದೇಹ ಪಳಗಿದ ಹುಡುಗಿ ಅಲ್ಲಿ ಹಿಂದೆ ಬೀಳುತ್ತಾಳೆ. ವಾರಕ್ಕೆ ಎರಡು ದಿನವಾದರೂ ಓಡಲಿ.

ಕಾಗದಪತ್ರಗಳ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ದಿನ ಮತ್ತು ಹೆಸರಿನ ಕಾಗುಣಿತ ಒಂದೇ ಇರಬೇಕು. ಉರ್ದು ಶಾಲೆಯಲ್ಲಿ ಒಂದು ಬಗೆಯಾಗಿ, ಆಧಾರಿನಲ್ಲಿ ಇನ್ನೊಂದು ಬಗೆಯಾಗಿ ಹೆಸರು ಬರೆಸಿಕೊಂಡವರು ರೋಜಾದಲ್ಲಿ ಬಹಳ. ರೇಸಿಂಗ್ ವಯೋಮಿತಿಯ ಮೇಲೆ ನಡೆಯುವ ಆಟ. ಶಾಲಾ ಕ್ರೀಡಾಕೂಟಗಳಲ್ಲಿ 14, 17 ಮತ್ತು 19 ವರ್ಷದೊಳಗಿನ ವಿಭಾಗಗಳಿವೆ. ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ ಲೆಕ್ಕದಲ್ಲಿ 17–18 ವಯಸ್ಸಿನವರು ಜೂನಿಯರ್, 19 ತುಂಬುವ ವರ್ಷದಿಂದ ಮೇಲಿನ ವಿಭಾಗ. ದಾಖಲೆಯಲ್ಲಿ ತೊಡಕಿದ್ದರೆ ಟ್ರಯಲ್ಸ್ ದಿನ ಏನೂ ಮಾಡಲಾಗದು. ಈಗಲೇ ಸರಿಪಡಿಸಿಕೊಳ್ಳಿ.

ನಿಲಯಕ್ಕೆ ಆಯ್ಕೆಯಾಗದಿದ್ದರೆ ಆಟ ಮುಗಿಯಿತು ಎಂದಲ್ಲ. ಜಿಲ್ಲಾ ಮತ್ತು ರಾಜ್ಯ ಸೈಕ್ಲಿಂಗ್ ಸಂಸ್ಥೆಗಳ ಆಯ್ಕೆ ಸ್ಪರ್ಧೆ, ಶಾಲಾ ಕ್ರೀಡಾಕೂಟ, ಖೇಲೋ ಇಂಡಿಯಾದ ಅಸ್ಮಿತಾ ಮಹಿಳಾ ಲೀಗ್ ಇವೆಲ್ಲ ಒಳಗೆ ಬರುವ ಬೇರೆ ದಾರಿಗಳು. ಮುಂದೆ ರಾಷ್ಟ್ರೀಯ ಮಟ್ಟಕ್ಕೆ ಹೋಗಲು ಭಾರತೀಯ ಸೈಕ್ಲಿಂಗ್ ಫೆಡರೇಷನ್‌ನಲ್ಲಿ ನೋಂದಣಿ ಆಗಿರಬೇಕು. ಅದು ರಾಜ್ಯ ಸಂಸ್ಥೆಯ ಮೂಲಕವೇ ಸಾಗುವ ಕೆಲಸ.

ರೇಸ್ ನಡೆಯುವ ಬಗೆ

ಹೊರಗಿನಿಂದ ನೋಡುವವರಿಗೆ ಎಲ್ಲವೂ ಒಂದೇ ಥರ ಕಾಣುತ್ತದೆ. ಒಳಗೆ ಎರಡು ಬೇರೆ ಬೇರೆ ಆಟಗಳಿವೆ. ಟೈಮ್ ಟ್ರಯಲ್‌ನಲ್ಲಿ, ಸವಾರರ ಮಾತಿನಲ್ಲಿ ಟಿಟಿಯಲ್ಲಿ, ಒಬ್ಬೊಬ್ಬರನ್ನೇ ಬಿಡುತ್ತಾರೆ. ಗಡಿಯಾರದ ಜೊತೆ ಗುದ್ದಾಟ ಅದು. ಮುಂದೆ ಹೋದವಳ ಬೆನ್ನ ಹಿಂದೆ ಸೇರಿಕೊಳ್ಳುವಂತಿಲ್ಲ. ಮಾಸ್ ಸ್ಟಾರ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮೊದಲು ಗೆರೆ ದಾಟಿದವಳು ಗೆದ್ದಳು. ಉತ್ತರ ಕರ್ನಾಟಕದ ಹುಡುಗಿಯರು ಟಿಟಿಯಲ್ಲಿ ಬೇಗ ಮಿಂಚುತ್ತಾರೆ, ಏಕೆಂದರೆ ಅದಕ್ಕೆ ಬೇಕಾದ ದಮ್ಮು ನೇರ ರಸ್ತೆಯಲ್ಲಿ ತಾನಾಗಿ ಬರುತ್ತದೆ. ಮಾಸ್ ಸ್ಟಾರ್ಟ್ ಕಲಿಯಲು ಮಾತ್ರ ಜನ ಬೇಕು.

ಯಾಕೆ ಅಂತ ಹತ್ತಿರದಿಂದ ನೋಡೋಣ. ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಸವಾರಳ ಶ್ರಮದ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಮುಂದಿನವಳ ಹಿಂಬದಿ ಚಕ್ರಕ್ಕೆ ತನ್ನ ಮುಂಬದಿ ಚಕ್ರವನ್ನು ಒಂದು ಗೇಣು, ಎರಡು ಗೇಣು ಅಂತರದಲ್ಲಿ ಹಿಡಿದರೆ ಶ್ರಮದಲ್ಲಿ ಕಾಲು ಭಾಗಕ್ಕೂ ಹೆಚ್ಚು ಉಳಿಯುತ್ತದೆ. ಇದೇ ಡ್ರಾಫ್ಟಿಂಗ್. ಕಣ್ಣು ಮುಂದಿನವಳ ಚಕ್ರಕ್ಕೆ ಅಂಟಿರಬಾರದು, ಆಕೆಯ ಸೊಂಟದ ಮಟ್ಟಕ್ಕಿದ್ದು ಅದರಾಚೆಯ ರಸ್ತೆಯನ್ನೂ ನೋಡುತ್ತಿರಬೇಕು. ಬೆರಳು ಬ್ರೇಕಿನ ಮೇಲೆಯೇ ಇರಬೇಕು, ಆದರೆ ಒತ್ತಬಾರದು. ಒತ್ತಿದರೆ ಹಿಂದಿನವಳು ಬಂದು ಬಡಿಯುತ್ತಾಳೆ. ಚಕ್ರದ ಪಕ್ಕಕ್ಕೆ ಚಕ್ರ ತಾಗಿತೋ, ಬೀಳುವವಳು ಬಹುಮಟ್ಟಿಗೆ ಹಿಂದಿನವಳೇ. ಮುಂದಿದ್ದವಳು ದಣಿದಾಗ ಹಿಂದೆ ತಿರುಗಿ ನೋಡಿ, ಮೊಣಕೈ ಅಲುಗಿಸಿ, ಪಕ್ಕಕ್ಕೆ ಸರಿದು ನಿಧಾನವಾಗಿ ಸಾಲಿನ ಕೊನೆ ಸೇರುತ್ತಾಳೆ. ಗುಂಡಿ ಕಂಡವಳು ಕೈ ಚಾಚಿ ತೋರಿಸುತ್ತಾಳೆ, ಹಿಂದಿನವರು ಅದನ್ನೇ ದಾಟಿಸುತ್ತಾರೆ. ಕಮಲಾಪುರದ ಬಯಲಿನಲ್ಲಿ ಗಾಳಿ ಪಕ್ಕದಿಂದ ಬೀಸಿದಾಗ ಆಸರೆ ಸಿಗುವುದು ನೇರ ಹಿಂದೆ ಅಲ್ಲ, ಗಾಳಿ ಬರುವ ದಿಕ್ಕಿಗೆ ಮರೆಯಾಗಿ ಓರೆಯಲ್ಲಿ. ಆಗ ಸಾಲು ರಸ್ತೆಗೆ ಅಡ್ಡಡ್ಡವಾಗಿ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ರಸ್ತೆಯ ಅಗಲ ಮುಗಿದ ಕಡೆ ಜಾಗ ಸಿಗದವರು ಕಳಚಿಕೊಳ್ಳುತ್ತಾರೆ, ಎಷ್ಟೋ ರೇಸುಗಳು ಗೆಲುವಿನ ಗೆರೆಗೆ 50 ಕಿಲೋಮೀಟರ್ ಇರುವಾಗಲೇ ಹೀಗೆ ತೀರ್ಮಾನವಾಗುತ್ತವೆ. ಇಷ್ಟನ್ನು ವಿಡಿಯೊ ನೋಡಿ ಕಲಿಯಲಾಗದು. ನಾಲ್ಕೈದು ಜನ ಇದ್ದರೆ ಆರು ತಿಂಗಳಲ್ಲಿ ಮೈಗೆ ಹತ್ತುತ್ತದೆ.

ದೊಡ್ಡ ತಂಡಗಳಲ್ಲಿ ಎಲ್ಲರೂ ಗೆಲ್ಲಲು ತುಳಿಯುವುದಿಲ್ಲ ಎನ್ನುವುದೂ ಗೊತ್ತಿರಲಿ. ಒಬ್ಬಳು ನಾಯಕಿ, ಉಳಿದವರು ಆಕೆಗಾಗಿ ಗಾಳಿ ತಡೆಯುವವರು, ನೀರಿನ ಬಾಟಲಿ ತರುವವರು, ಓಡಿಹೋದವರನ್ನು ಬೆನ್ನಟ್ಟುವವರು. ಈ ಕೆಲಸವನ್ನು ಚೆನ್ನಾಗಿ ಮಾಡಿದವಳಿಗೂ ಸಂಬಳ ಇದೆ, ಗೌರವ ಇದೆ. ಪದಕ ಇಲ್ಲದ ವರ್ಷವನ್ನು ವ್ಯರ್ಥ ಎಂದು ಮನೆಯವರು ತಿಳಿಯಬಾರದು.

ನಸುಕಿನ ಹೆದ್ದಾರಿ

ರೋಜಾದ ಗಲ್ಲಿಗಳಲ್ಲಿ ತರಬೇತಿ ಸಾಧ್ಯವಿಲ್ಲ. ಬಂದೇನವಾಜ್ ದರ್ಗಾದ ಸುತ್ತ ನಸುಕಿಗೇ ಜನ ಓಡಾಡುತ್ತಾರೆ. ಸೈಕಲ್ ಹಿಡಿತ, ತಿರುವು, ಒಂದೇ ಕೈಯಲ್ಲಿ ತುಳಿಯುತ್ತ ನೀರು ಕುಡಿಯುವುದು ಇವನ್ನೆಲ್ಲ ಮೊದಲು ವಾಹನವಿಲ್ಲದ ಕಡೆ ಕಲಿಯಬೇಕು. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಒಳರಸ್ತೆಗಳು ಅದಕ್ಕೆ ಒಳ್ಳೆಯವು. ಗುಂಪಾಗಿ ಹೋಗಿ, ಅನುಮತಿ ಕೇಳಿ ತುಳಿಯಿರಿ.

ದೂರದ ಸವಾರಿಗೆ ಸಹಜವಾದ ದಾರಿ ಹುಮನಾಬಾದ್ ರಿಂಗ್ ರೋಡ್ ದಾಟಿ ಕಮಲಾಪುರದ ಕಡೆಗೆ. ಮಹಾಗಾಂವ್ ಕ್ರಾಸ್‌ವರೆಗೆ ಹೋಗಿ ಬಂದರೆ ಒಂದು ಹದವಾದ ಅಭ್ಯಾಸ, ಕಮಲಾಪುರ ಮುಟ್ಟಿ ಬಂದರೆ ಪೂರ್ಣ ಪಾಠ. ಆದರೆ ಅದು ಬೀದರ್, ಕಲಬುರಗಿ, ವಿಜಯಪುರಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ, ಲಾರಿಗಳ ದಾರಿ. ಕತ್ತಲಲ್ಲಿ ಹೊರಡಬೇಡಿ. ಬೆಳಕು ಹರಿಯುತ್ತಿದ್ದಂತೆ ಹೊರಟು ಬಿಸಿಲೇರುವ ಮೊದಲು ಮರಳಿ. ಒಬ್ಬಳೇ ಎಂದೂ ಬೇಡ, ಕನಿಷ್ಠ ಮೂವರಿರಲಿ. ಹಿಂದೆ ಅಣ್ಣನೋ ಅಪ್ಪನೋ ಬೈಕಿನಲ್ಲಿ ಬಂದರೆ ಇನ್ನೂ ಛಲೋ. ಹಗಲಲ್ಲೂ ಹಿಂದೆ ಕೆಂಪು ದೀಪ ಮಿನುಗುತ್ತಿರಲಿ, ಹೆಲ್ಮೆಟ್ ಇಲ್ಲದೆ ಗಾಲಿ ಉರುಳಬಾರದು. ಕಬ್ಬಿನ ಟ್ರ್ಯಾಕ್ಟರ್‌ನ ಹಿಂದೆ ಗಾಳಿಯ ಆಸರೆಗೆಂದು ಸೇರಿಕೊಳ್ಳುವ ಚಟ ನಮ್ಮ ಕಡೆಯ ಹುಡುಗರಲ್ಲಿ ಇದೆ. ಅದನ್ನು ಹುಡುಗಿಯರು ಕಲಿಯುವುದು ಬೇಡ. ಟ್ರೇಲರ್‌ಗೆ ಬ್ರೇಕ್ ದೀಪ ಇರುವುದೇ ಅಪರೂಪ.

ಸೈಕಲ್ ವಿಚಾರ ಈಗ ಹೇಳಬಹುದು. ಮೊದಲ ವರ್ಷಕ್ಕೆ 30ರಿಂದ 60 ಸಾವಿರ ರೂಪಾಯಿಯ ಅಲ್ಯೂಮಿನಿಯಂ ರೋಡ್ ಬೈಕ್ ಸಾಕು, ಒಳ್ಳೆಯ ಸ್ಥಿತಿಯ ಹಳೆಯದು ಸಿಕ್ಕರೆ ಇನ್ನೂ ಕಡಿಮೆ. ರೇಸಿನಲ್ಲಿ ಸೈಕಲ್ಲಿನ ತೂಕ 6.8 ಕಿಲೋಗಿಂತ ಕಡಿಮೆ ಇರುವಂತಿಲ್ಲ ಎಂಬುದು ಯುಸಿಐ ನಿಯಮ. ಆ ಮಟ್ಟದ ಕಾರ್ಬನ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೇಕು, ಅದಕ್ಕಾಗಿ ಸಾಲ ಮಾಡಬೇಡಿ. ಫ್ರೇಮಿನ ಅಳತೆ ಮಾತ್ರ ಸರಿಯಾಗಿರಬೇಕು. ‘ಬೆಳೆಯುವ ಹುಡುಗಿ, ದೊಡ್ಡದೇ ಇರಲಿ’ ಎಂದು ಕೊಂಡ ಸೈಕಲ್ ಮೊಣಕಾಲು, ಸೊಂಟ ಎರಡನ್ನೂ ಕೆಡಿಸುತ್ತದೆ. ಉಳಿದ ದುಡ್ಡನ್ನು ಒಳ್ಳೆಯ ಹೆಲ್ಮೆಟ್, ಎರಡು ಜೊತೆ ಪ್ಯಾಡ್ ಇರುವ ಶಾರ್ಟ್ಸ್, ಬಿಡಿ ಟ್ಯೂಬು, ಪಂಪುಗಳಿಗೆ ಹಾಕಿ. ಪಂಕ್ಚರ್ ತಿದ್ದುವುದನ್ನು ಹುಡುಗಿಯೇ ಕಲಿಯಲಿ.

ರೊಟ್ಟಿ, ಬಾಳೆಹಣ್ಣು, ಮತ್ತು ಯಾರೂ ಹೇಳದ ಮಾತುಗಳು

ನಮ್ಮ ಊಟ ಈ ಆಟಕ್ಕೆ ಹೇಳಿ ಮಾಡಿಸಿದಂತಿದೆ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಇಷ್ಟಿದ್ದರೆ ದಿನದ ಊಟಕ್ಕೆ ಪರದೇಶದ ಪುಡಿ ಯಾವುದೂ ಬೇಡ. ರೇಸಿನ ಬೆಳಿಗ್ಗೆ ಮಾತ್ರ ನಾರು ಹೆಚ್ಚಿರುವ ರೊಟ್ಟಿ ಬಿಟ್ಟು ಅನ್ನ, ಅವಲಕ್ಕಿ ತಿನ್ನುವುದು ಒಳ್ಳೆಯದು, ಹೊಟ್ಟೆ ಹಗುರವಾಗಿರುತ್ತದೆ. ಒಂದೂವರೆ ಗಂಟೆಗಿಂತ ಹೆಚ್ಚಿನ ಸವಾರಿಯಲ್ಲಿ ಗಂಟೆಗೆ 60 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯ ಊರಾದ ಕಮಲಾಪುರದಲ್ಲಿ ಇದಕ್ಕೆ ಕೊರತೆ ಇಲ್ಲ. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಬಾಟಲಿ ಸಿದ್ಧ. ಕಲಬುರಗಿಯ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಹಗುರವಾಗಿ ಕಾಣಬೇಡಿ. ತಲೆ ಸುತ್ತಿದರೆ, ಬೆವರು ನಿಂತರೆ, ಮೈ ಜುಮ್ಮೆಂದರೆ ಕೂಡಲೇ ಇಳಿದು ನೆರಳಿಗೆ ಹೋಗಬೇಕು.

ಗಂಡು ಕೋಚ್ ಇರುವ ಕಡೆ ಹುಡುಗಿಯರು ನುಂಗಿಕೊಂಡು ಕೂರುವ ಮೂರು ವಿಷಯಗಳಿವೆ. ಅಮ್ಮಂದಿರು ಇವನ್ನು ತಾವಾಗಿಯೇ ಕೇಳಬೇಕು. ಒಂದು, ಮುಟ್ಟು. ತರಬೇತಿ ಹೆಚ್ಚಿದಾಗ ಮುಟ್ಟು ನಿಂತುಹೋದರೆ ಅದು ಗಟ್ಟಿತನದ ಲಕ್ಷಣ ಅಲ್ಲವೇ ಅಲ್ಲ. ತುಳಿಯುವಷ್ಟು ತಿನ್ನುತ್ತಿಲ್ಲ ಎಂದು ದೇಹ ಕೊಡುವ ಎಚ್ಚರಿಕೆ ಅದು. ಕಡೆಗಣಿಸಿದರೆ ಮೂಳೆ ಸವೆಯುತ್ತದೆ, ಸಣ್ಣ ಬಿದ್ದಾಟಕ್ಕೂ ಮುರಿಯುತ್ತದೆ. ಎರಡು, ರಕ್ತಹೀನತೆ. ಏರಿನಲ್ಲಿ ಬೇಗ ಉಸಿರು ಕಟ್ಟುವ ಹುಡುಗಿಯನ್ನು ಸೋಮಾರಿ ಎಂದು ಬೈಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ವರ್ಷಕ್ಕೆ ಎರಡು ಸಲವಾದರೂ. ಮೂರು, ಸೀಟಿನ ಹುಣ್ಣು. ಪ್ಯಾಡ್ ಶಾರ್ಟ್ಸ್ ಒಳಗೆ ಬೇರೆ ಒಳ ಉಡುಪು ಹಾಕಬಾರದು, ಸವಾರಿ ಮುಗಿದ ಕೂಡಲೇ ಬದಲಿಸಬೇಕು, ತೊಳೆದು ಬಿಸಿಲಲ್ಲಿ ಒಣಗಿಸಬೇಕು. ಸೀಟಿನ ಅಗಲ ಹೆಣ್ಣುಮಕ್ಕಳ ಮೈಕಟ್ಟಿಗೆ ಹೊಂದುತ್ತಿಲ್ಲವಾದರೆ ಸೀಟು ಬದಲಿಸಿ.

ಔಷಧದ ಮಾತನ್ನೂ ಇಲ್ಲೇ ಸೇರಿಸಿಬಿಡುತ್ತೇನೆ. ರಾಷ್ಟ್ರೀಯ ಮಟ್ಟದಲ್ಲಿ ನಾಡಾ ಸಂಸ್ಥೆ ಉದ್ದೀಪನ ಮದ್ದಿನ ಪರೀಕ್ಷೆ ಮಾಡುತ್ತದೆ. ನೆಗಡಿಯ ಗುಳಿಗೆಯಲ್ಲಿ, ಜಿಮ್ಮಿನವರು ಕೊಟ್ಟ ಪುಡಿಯಲ್ಲಿ ನಿಷೇಧಿತ ವಸ್ತು ಇರಬಹುದು. ‘ಗೊತ್ತಿರಲಿಲ್ಲ’ ಎಂಬ ಉತ್ತರ ನಡೆಯುವುದಿಲ್ಲ. ವೈದ್ಯರ ಬಳಿ ಹೋದಾಗ ತಾನು ಕ್ರೀಡಾಪಟು ಎಂದು ಮೊದಲು ಹೇಳುವುದು ರೂಢಿಯಾಗಬೇಕು.

ಉಡುಪಿನ ಪ್ರಶ್ನೆ ರೋಜಾದಲ್ಲಿ ಎದ್ದೇ ಏಳುತ್ತದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಅಫ್ಗಾನಿಸ್ತಾನದ ಮಾಸೊಮಾ ಅಲಿ ಜಾದಾ ಟೋಕಿಯೊ ಒಲಿಂಪಿಕ್ಸ್‌ನ ನಿರಾಶ್ರಿತರ ತಂಡದಲ್ಲಿ ಟೈಮ್ ಟ್ರಯಲ್ ತುಳಿದಾಗ ಹೆಲ್ಮೆಟ್ಟಿನ ಕೆಳಗೆ ತಲೆವಸ್ತ್ರ ಇತ್ತು, ಮೈ ಪೂರ್ತಿ ಮುಚ್ಚಿತ್ತು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ನಿರಾಶ್ರಿತರ ತಂಡವನ್ನು ಮುನ್ನಡೆಸಿದ ಅಧಿಕಾರಿಯೂ ಅವರೇ. ಅಫ್ಗಾನಿಸ್ತಾನದ ಫರಿಯಾಬ್ ಪ್ರಾಂತ್ಯದ ಅಕ್ಕತಂಗಿಯರಾದ ಯುಲ್ದೂಜ್ ಮತ್ತು ಫರಿಬಾ ಹಾಶಿಮಿ 2021ರಲ್ಲಿ ದೇಶ ಬಿಟ್ಟು ಇಟಲಿ ಸೇರಿದರು. ಮರುವರ್ಷ ಸ್ವಿಟ್ಜರ್ಲೆಂಡಿನ ಏಗಲ್‌ನಲ್ಲಿ ನಡೆದ ಅಫ್ಗಾನ್ ಮಹಿಳಾ ಚಾಂಪಿಯನ್‌ಷಿಪ್ಪನ್ನು ಫರಿಬಾ ಗೆದ್ದರು. ಪ್ಯಾರಿಸ್ ಒಲಿಂಪಿಕ್ಸ್‌ನ ರೋಡ್ ರೇಸಿಗೂ ಇಬ್ಬರೂ ಬಂದರು. ಉದ್ದ ತೋಳಿನ ಜರ್ಸಿ, ಕಾಲು ಮುಚ್ಚುವ ಟೈಟ್ಸ್ ಸೈಕ್ಲಿಂಗ್‌ನಲ್ಲಿ ಸಾಮಾನ್ಯ ಉಡುಪು. ಬಟ್ಟೆ ಗಾಲಿಗೆ, ಚೈನಿಗೆ ಸಿಗದಂತೆ ಮೈಗೆ ಅಂಟಿಕೊಂಡಿರಬೇಕು, ಅಷ್ಟೇ. ಬಟ್ಟೆಯ ಕಾರಣಕ್ಕೆ ಒಬ್ಬ ಹುಡುಗಿಯೂ ಮನೆಯಲ್ಲಿ ಉಳಿಯಬೇಕಾಗಿಲ್ಲ.

ಹೊಟ್ಟೆಪಾಡಿನ ಲೆಕ್ಕ

ಪ್ರಪಂಚದ ಮೇಲ್ಮಟ್ಟದಲ್ಲಿ ಮಹಿಳಾ ಸೈಕ್ಲಿಂಗ್ ಈಗ ನಿಜವಾದ ವೃತ್ತಿ. ಮಹಿಳೆಯರ ವರ್ಲ್ಡ್ ಟೂರ್ 2016ರಲ್ಲಿ ಶುರುವಾಯಿತು. ಅತ್ಯುನ್ನತ ದರ್ಜೆಯ ತಂಡಗಳಲ್ಲಿ ಕನಿಷ್ಠ ವಾರ್ಷಿಕ ಸಂಬಳ 2020ರಲ್ಲಿ 15,000 ಯೂರೊ ಇದ್ದದ್ದು 2025ಕ್ಕೆ 38,000 ಯೂರೊ ಆಯಿತು. ಹೆರಿಗೆ ರಜೆಯ ನಿಯಮವೂ 2020ರಲ್ಲೇ ಬಂತು. ಬ್ರಿಟನ್ನಿನ ಲಿಜ್ಜಿ ಡೈಗ್ನನ್ 2018ರಲ್ಲಿ ತಾಯಿಯಾಗಿ, 2021ರ ಅಕ್ಟೋಬರ್ 2ರಂದು ಮೊದಲ ಮಹಿಳಾ ಪ್ಯಾರಿಸ್–ರೂಬೆ ರೇಸನ್ನು ಗೆದ್ದರು. ಕಲ್ಲುಹಾಸಿನ ಹಾದಿಯಲ್ಲಿ ಕೈಗವಸಿಲ್ಲದೆ ತುಳಿದು ಹ್ಯಾಂಡಲ್ ತುಂಬ ರಕ್ತದ ಕಲೆ. ಮದುವೆಯಾದರೆ ಆಟ ಮುಗಿಯಿತು ಎನ್ನುವವರಿಗೆ ಈ ಹೆಸರು ಹೇಳಿ.

ಆದರೆ ಆ ಮೆಟ್ಟಿಲು ಏರಿದ ಕನ್ನಡತಿ ಇನ್ನೂ ಇಲ್ಲ. 1964ರ ಟೋಕಿಯೊ ಆದ ಮೇಲೆ ಒಲಿಂಪಿಕ್ಸ್ ಸೈಕ್ಲಿಂಗ್‌ನಲ್ಲಿ ಭಾರತದ ಹೆಸರೇ ಬಂದಿಲ್ಲ. ಯುರೋಪಿನ ಕೆಳದರ್ಜೆಯ ಕಾಂಟಿನೆಂಟಲ್ ತಂಡಗಳಲ್ಲಿ ಕನಿಷ್ಠ ಸಂಬಳದ ಕಟ್ಟುಪಾಡೂ ಇಲ್ಲ. ಏಗಲ್‌ನಲ್ಲಿ 2002ರಿಂದ ಯುಸಿಐನ ವಿಶ್ವ ಸೈಕ್ಲಿಂಗ್ ಕೇಂದ್ರ ಇದೆ, ನಮ್ಮಂಥ ದೇಶಗಳ ಪ್ರತಿಭೆಗಳನ್ನು ಕರೆದು ತರಬೇತಿ ಕೊಡುತ್ತದೆ. ಅಲ್ಲಿಗೆ ಹೋಗುವ ದಾರಿಯೂ ರಾಷ್ಟ್ರೀಯ ಪದಕದ ಮೂಲಕವೇ.

ಆದ್ದರಿಂದ ಹುಡುಗಿಯ ಮನೆಯವರು ಲೆಕ್ಕ ಹಾಕಬೇಕಾದ್ದು ಹತ್ತಿರದ ಗುರಿಯನ್ನು. ರಾಷ್ಟ್ರೀಯ ಪದಕ ಬಂದರೆ ರೈಲ್ವೆಯ ಕ್ರೀಡಾ ಕೋಟಾ ತೆರೆಯುತ್ತದೆ. ದೇಶದ ಬಲವಾದ ಮಹಿಳಾ ಸೈಕ್ಲಿಂಗ್ ತಂಡಗಳಲ್ಲಿ ರೈಲ್ವೆಯದೂ ಒಂದು, ಅಲ್ಲಿ ಸಂಬಳದ ಜೊತೆ ತರಬೇತಿಯೂ ನಡೆಯುತ್ತದೆ. ಪೊಲೀಸ್ ಇಲಾಖೆಯಲ್ಲೂ ಕ್ರೀಡಾಪಟುಗಳಿಗೆ ನೇಮಕಾತಿ ಇದೆ. ಪ್ರತಿ ಸ್ಪರ್ಧೆಯ ಪ್ರಮಾಣಪತ್ರ, ಫಲಿತಾಂಶದ ಹಾಳೆ, ಸಂಘಟಕರ ಸಹಿ ಇವನ್ನು ಮೊದಲ ದಿನದಿಂದಲೇ ಒಂದು ಕಡತದಲ್ಲಿ ಇಡಿ. ಮಾನ್ಯತೆ ಇಲ್ಲದ ಹೆಸರಿನ ‘ರಾಷ್ಟ್ರೀಯ’ ಸ್ಪರ್ಧೆಗಳ ಪ್ರಮಾಣಪತ್ರ ನೇಮಕಾತಿಯಲ್ಲಿ ಲೆಕ್ಕಕ್ಕೆ ಬಾರದು. ದುಡ್ಡು ಕಟ್ಟುವ ಮೊದಲು ರಾಜ್ಯ ಸೈಕ್ಲಿಂಗ್ ಸಂಸ್ಥೆಯಲ್ಲಿ ವಿಚಾರಿಸಿ. ಶಾಲೆ, ಕಾಲೇಜು ಯಾವ ಕಾರಣಕ್ಕೂ ಬಿಡಿಸಬೇಡಿ. ಕೋಟಾ ಹುದ್ದೆಗೂ ಓದಿನ ಅರ್ಹತೆ ಬೇಕು, ಒಂದು ಕೆಟ್ಟ ಬಿದ್ದಾಟಕ್ಕೆ ಭುಜದ ಎಲುಬು ಮುರಿದು ಒಂದು ಋತುವೇ ಕಳೆದುಹೋಗುವ ಆಟ ಇದು.

ತುಳಿಯುವ ವಯಸ್ಸು ದಾಟಿದ ಮೇಲೆ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಸೈಕ್ಲಿಂಗ್ ಕೋಚಿಂಗ್ ಡಿಪ್ಲೊಮಾ ಇದೆ. ಹೆಣ್ಣುಮಕ್ಕಳ ನಿಲಯಗಳಿಗೆ ಹೆಣ್ಣು ಕೋಚ್‌ಗಳ ಅಗತ್ಯ ಎಷ್ಟಿದೆ ಎಂಬುದು ಮೇಲೆ ಹೇಳಿದ ಮೂರು ವಿಷಯಗಳಿಂದಲೇ ತಿಳಿಯುತ್ತದೆ. ವಿಜಯಪುರದ ವೆಲೊಡ್ರೋಮ್ (ಸೈಕ್ಲಿಂಗ್ ಟ್ರ್ಯಾಕ್) ಕಾಮಗಾರಿ ವರ್ಷಗಟ್ಟಲೆ ಎಳೆದಾಡಿದ್ದನ್ನು ನೋಡಿದವರಿಗೆ ಕಲಬುರಗಿಗೂ ಅಂಥದೊಂದು ಬೇಕು ಎಂದು ಕೇಳುವ ಧೈರ್ಯ ಬರಲಿಕ್ಕಿಲ್ಲ. ನನ್ನ ಬೇಡಿಕೆ ಅದಕ್ಕಿಂತ ಸಣ್ಣದು. ಸಂವಿಧಾನದ 371 ಜೆ ವಿಧಿಯ ಅಡಿಯಲ್ಲಿ ಈ ಸೀಮೆಗೆಂದೇ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಕಲಬುರಗಿಗೆ ಒಬ್ಬ ಸೈಕ್ಲಿಂಗ್ ಕೋಚ್, ಹುಡುಗಿಯರ ಅಳತೆಯ ಹತ್ತು ರೋಡ್ ಬೈಕ್, ಬೆಳಗಿನ ಹೆದ್ದಾರಿಯಲ್ಲಿ ಹಿಂದೆ ಬರಲು ಒಂದು ವಾಹನ. ಪೋಷಕರು, ದೈಹಿಕ ಶಿಕ್ಷಕರು ಸೇರಿ ಸಹಿ ಮಾಡಿದ ಮನವಿಯನ್ನು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೂ ಮಂಡಳಿಗೂ ಒಟ್ಟಿಗೇ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.